ಮಕ್ಕಳು ಕ್ರಾಸ್ ಕಂಟ್ರಿ ತಂಡ ಸೇರಿದರೆ: ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮನೆಯವರು ಮಾಡಬೇಕಾದ್ದು

ಬೇಸಿಗೆ ರಜೆ ಬಂತೆಂದರೆ ಇಲ್ಲಿ ಬೇ ಏರಿಯಾದ ಕನ್ನಡದ ಮನೆಗಳಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಮಗನೋ ಮಗಳೋ ಹೈಸ್ಕೂಲ್‌ಗೆ ಹೋಗುತ್ತಿದ್ದಾರೆ, ಕ್ರಾಸ್ ಕಂಟ್ರಿ ತಂಡಕ್ಕೆ ಹೆಸರು ಕೊಡ್ತೀನಿ ಅಂತಿದ್ದಾರೆ. ಏನಿದು? ಎಷ್ಟು ಹೊತ್ತು ಹೋಗುತ್ತೆ? ದುಡ್ಡೆಷ್ಟು? ನಮ್ಮ ಮಗು ಅಷ್ಟು ಜೋರಾಗಿ ಓಡಲ್ಲ, ತಗೋತಾರಾ? ಊರಿನ ಪೇಪರ್‌ನಲ್ಲಿ ಗುಡ್ಡಗಾಡು ಓಟದ ಸುದ್ದಿ ಓದಿದ್ದು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರಿಗೆ ಇದರ ಪರಿಚಯ ಇಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರಗಳು ಮೊದಲು. ಕ್ರಾಸ್ ಕಂಟ್ರಿ ಎಂದರೆ ಟ್ರ್ಯಾಕ್ ಬಿಟ್ಟು ಪಾರ್ಕು, ಮಣ್ಣು, ದಿಬ್ಬಗಳ ದಾರಿಯಲ್ಲಿ ತಂಡವಾಗಿ ಓಡುವ ಸುಮಾರು ಮೂರು ಮೈಲಿಯ ಓಟ. ಹೌದು, ತಗೋತಾರೆ. ಹೆಚ್ಚಿನ ಶಾಲೆಗಳಲ್ಲಿ ಇದು 'ನೋ ಕಟ್' ಆಟ, ಅಂದರೆ ಆಯ್ಕೆ ಪರೀಕ್ಷೆ ಮಾಡಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ವಾರದ ದಿನ ಶಾಲೆ ಮುಗಿದ ಮೇಲೆ ಸುಮಾರು ಎರಡು ಗಂಟೆ ಅಭ್ಯಾಸ. ಕೆಲವು ಶನಿವಾರಗಳು ಪೂರ್ತಿ ಹೋಗುತ್ತವೆ. ಖರ್ಚು ಮುಖ್ಯವಾಗಿ ಶೂಗಳದ್ದು. ಓದು ಕೆಡುತ್ತದೆಯೇ ಎಂಬುದು ಮಗು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ ಎಂಬುದರ ಮೇಲೆ ನಿಂತಿದೆ. ಓಟದ ಮೇಲಲ್ಲ.

ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಲೆಕ್ಕ. ಬೇರೆ ರಾಜ್ಯಗಳಲ್ಲಿ ದೂರ, ಜಾಗ, ತಾರೀಕು ಬೇರೆ. ಇಲಿನಾಯ್‌ನ ರಾಜ್ಯ ಮಟ್ಟದ ಓಟ ಪಿಯೋರಿಯಾದ ಡೆಟ್‌ವೈಲರ್ ಪಾರ್ಕ್‌ನಲ್ಲಿ 3 ಮೈಲಿ. ಮಿಷಿಗನ್‌ನವರು ಕಾರ್ ರೇಸ್ ನಡೆಯುವ ಮಿಷಿಗನ್ ಇಂಟರ್‌ನ್ಯಾಷನಲ್ ಸ್ಪೀಡ್‌ವೇಯಲ್ಲಿ 5 ಕಿಲೋಮೀಟರ್ ಓಡಿಸುತ್ತಾರೆ. ಆದರೆ ಹಂತಗಳು ಎಲ್ಲ ಕಡೆ ಹೆಚ್ಚುಕಡಿಮೆ ಇವೇ.

ಮೊದಲು ಅಂಕದ ಲೆಕ್ಕ ತಿಳಿದುಕೊಳ್ಳಿ

ಇದು ಗೊತ್ತಿಲ್ಲದಿದ್ದರೆ ಇಡೀ ಸೀಸನ್ ನಿಮಗೆ ಬರೀ ಓಡುವ ಮಕ್ಕಳು ಕಾಣುತ್ತಾರೆ, ಪಂದ್ಯ ಕಾಣುವುದಿಲ್ಲ.

ಒಂದು ತಂಡದಿಂದ ಸಾಮಾನ್ಯವಾಗಿ 7 ಜನ ಓಡುತ್ತಾರೆ. ಅವರಲ್ಲಿ ಮೊದಲು ಬಂದ 5 ಜನರದು ಮಾತ್ರ ಲೆಕ್ಕಕ್ಕೆ. ಎಷ್ಟನೆಯವರಾಗಿ ಬಂದರೋ ಅಷ್ಟು ಅಂಕ. ಐದೂ ಕೂಡಿಸಿ, ಕಡಿಮೆ ಬಂದ ತಂಡ ಗೆದ್ದಂತೆ. 1, 2, 3, 4, 5 ಎಲ್ಲ ನಮ್ಮವರೇ ಆದರೆ 15. ಅದಕ್ಕಿಂತ ಕಡಿಮೆ ಅಂಕ ಸಾಧ್ಯವಿಲ್ಲ.

ಒಂದು ಉದಾಹರಣೆ ನೋಡಿ. ಒಂದು ತಂಡದವರು 1, 2, 3, 20, 30ನೇ ಜಾಗದಲ್ಲಿ ಬಂದರು. ಒಟ್ಟು 56. ಇನ್ನೊಂದು ತಂಡದವರು 6, 8, 9, 11, 13. ಒಟ್ಟು 47. ಮೊದಲ ಮೂರು ಜಾಗ ಬಾಚಿಕೊಂಡ ತಂಡ ಸೋತಿತು! ಅದಕ್ಕೇ ಕೋಚ್‌ಗಳು ತಂಡದ ಮೊದಲನೆಯ ಓಟಗಾರನಿಗಿಂತ ಐದನೆಯವನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಒಂದನೆಯವನಿಗೂ ಐದನೆಯವನಿಗೂ ನಡುವಿನ ಸೆಕೆಂಡುಗಳ ಅಂತರಕ್ಕೆ 'ಸ್ಪ್ರೆಡ್' ಅನ್ನುತ್ತಾರೆ. ಅದು ಕಡಿಮೆ ಆದಷ್ಟೂ ತಂಡ ಗಟ್ಟಿ.

ಆರನೆಯವರು, ಏಳನೆಯವರು ಸುಮ್ನೆ ಓಡುತ್ತಾರಾ? ಇಲ್ಲ. ಅವರ ಅಂಕ ಕೂಡಿಸುವುದಿಲ್ಲ, ಆದರೆ ಎದುರಾಳಿಯ ಐದನೆಯವನಿಗಿಂತ ಮುಂದೆ ಬಂದರೆ ಅವನ ಜಾಗವನ್ನು ಹಿಂದೆ ತಳ್ಳುತ್ತಾರೆ. ಎರಡು ತಂಡಗಳ ಅಂಕ ಸಮ ಬಂದರೆ ಆರನೆಯವರು ಯಾರು ಮುಂದೆ ಎಂದು ನೋಡಿ ತೀರ್ಮಾನ. ಐದು ಜನ ಓಟ ಮುಗಿಸದಿದ್ದರೆ ತಂಡಕ್ಕೆ ಅಂಕವೇ ಇಲ್ಲ. ನಿಮ್ಮ ಮಗು ತಂಡದ ಐದನೆಯ ಅಥವಾ ಏಳನೆಯ ಓಟಗಾರ ಆಗಿದ್ದರೆ "ಇಪ್ಪತ್ತೈದನೇ ಪ್ಲೇಸಾ?" ಎಂದು ಮುಖ ಸಣ್ಣ ಮಾಡಬೇಡಿ. ಆ ಇಪ್ಪತ್ತೈದರಿಂದಲೇ ತಂಡ ಗೆದ್ದಿರಬಹುದು.

ತಂಡದ ಒಳಗೆ ಗುಂಪುಗಳಿವೆ. ವಾರ್ಸಿಟಿ ಎಂದರೆ ಶಾಲೆಯ ಮುಖ್ಯ ಏಳು ಜನ. ಜೆವಿ ಎಂದರೆ ಎರಡನೆಯ ಸಾಲಿನವರು. ಫ್ರಾಶ್-ಸಾಫ್ ಎಂದರೆ 9 ಮತ್ತು 10ನೇ ಕ್ಲಾಸಿನವರ ಓಟ. ಇವು ಖಾಯಂ ಅಲ್ಲ, ಸೀಸನ್ ನಡುವೆ ಬದಲಾಗುತ್ತಿರುತ್ತವೆ.

1. ಕಾಗದಪತ್ರ: ಮೇ, ಜೂನ್‌ನಲ್ಲೇ ಮುಗಿಸಿ

ಅತಿ ಹೆಚ್ಚು ಮಕ್ಕಳು ಮೊದಲ ಓಟ ತಪ್ಪಿಸಿಕೊಳ್ಳುವುದು ಕಾಲು ನೋವಿನಿಂದಲ್ಲ, ಫಾರ್ಮ್‌ನಿಂದ. ಬೇಕಾದ್ದು ಇಷ್ಟು:

ಫಿಸಿಕಲ್. ಅಂದರೆ ಆಟಕ್ಕೆ ಯೋಗ್ಯ ಎಂದು ಡಾಕ್ಟರ್ ಪರೀಕ್ಷೆ ಮಾಡಿ ಸಹಿ ಹಾಕಿದ ಫಾರ್ಮ್. ಪ್ರತಿ ವರ್ಷ ಹೊಸದು ಬೇಕು. ಆಗಸ್ಟ್‌ನಲ್ಲಿ ಮಕ್ಕಳ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಊರಿಗೆ ಹೋಗುವವರಾದರೆ ಹೋಗುವ ಮೊದಲೇ ಮಾಡಿಸಿ. ಅಸ್ತಮಾ, ಎದೆ ನೋವು, ಓಡುವಾಗ ತಲೆ ಸುತ್ತು ಬಂದದ್ದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಹೋಗಿದ್ದು ಇದ್ದರೆ ಫಾರ್ಮ್‌ನಲ್ಲಿ ಬರೆಯಿರಿ. "ಬರೆದರೆ ತಂಡಕ್ಕೆ ಸೇರಿಸಲ್ಲ" ಎಂದು ಮುಚ್ಚಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಪ್ರಶ್ನೆಗಳು ಇರುವುದೇ ಮಗುವಿನ ಜೀವಕ್ಕಾಗಿ.

ಆನ್‌ಲೈನ್ ಒಪ್ಪಿಗೆಗಳು. ತಲೆಗೆ ಪೆಟ್ಟು, ಹಠಾತ್ ಹೃದಯ ಸ್ತಂಭನ, ಇನ್ಶೂರೆನ್ಸ್ ವಿವರ, ಪ್ರಯಾಣದ ಒಪ್ಪಿಗೆ. ಅಪ್ಪ ಅಥವಾ ಅಮ್ಮನ ಸಹಿಯ ಜೊತೆ ಮಗುವಿನ ಸಹಿಯೂ ಬೇಕಾಗುತ್ತದೆ. ಒಂದು ಗುಂಡಿ ಒತ್ತದೆ ಬಿಟ್ಟರೂ 'ಕ್ಲಿಯರ್ಡ್' ಎಂದು ಬರುವುದಿಲ್ಲ. ಆ ಶಬ್ದ ಕಾಣುವವರೆಗೆ ಬಿಡಬೇಡಿ.

ಅಂಕ. ಕ್ಯಾಲಿಫೋರ್ನಿಯಾದಲ್ಲಿ ಆಡಲು 4ಕ್ಕೆ ಕನಿಷ್ಠ 2.0 ಜಿಪಿಎ ಇರಬೇಕು.

ಶಾಲೆ ಬದಲಿಸಿದವರು ಗಮನಿಸಿ. 9ನೇ ಕ್ಲಾಸಿಗೆ ಹೊಸದಾಗಿ ಸೇರುವವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. 10, 11ನೇ ಕ್ಲಾಸಿಗೆ ಬೇರೆ ಶಾಲೆಯಿಂದ, ಬೇರೆ ರಾಜ್ಯದಿಂದ ಅಥವಾ ನೇರ ಭಾರತದಿಂದ ಬಂದವರಿಗೆ ಅರ್ಹತೆಯ ಬೇರೆ ಕಾಗದಗಳಿವೆ, ಅವಕ್ಕೆ ದಿನ ಹಿಡಿಯುತ್ತದೆ. ಇದನ್ನು ಕೇಳಬೇಕಾದ್ದು ಕೋಚ್‌ನಲ್ಲಿ ಅಲ್ಲ, ಶಾಲೆಯ ಅಥ್ಲೆಟಿಕ್ ಡೈರೆಕ್ಟರ್ ಹತ್ತಿರ. ಶಾಲೆಯ ಎಲ್ಲ ಆಟಗಳ ಆಡಳಿತ ನೋಡುವವರು ಅವರೇ.

ದುಡ್ಡಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿನ ಸರ್ಕಾರಿ ಶಾಲೆಗಳು ತಂಡಕ್ಕೆ ಸೇರಲು ಶುಲ್ಕ ಕಡ್ಡಾಯ ಮಾಡುವಂತಿಲ್ಲ. ದೇಣಿಗೆ ಕೇಳುತ್ತಾರೆ, ಅದರಿಂದಲೇ ಬಸ್ಸು, ಪ್ರವೇಶ ಶುಲ್ಕ ಎಲ್ಲ ನಡೆಯುವುದು. ಆಗುವವರು ಕೊಡಿ. ಆಗದಿದ್ದರೆ ಮಗುವಿನ ಜಾಗಕ್ಕೇನೂ ಧಕ್ಕೆ ಇಲ್ಲ, ಸಂಕೋಚ ಬೇಡ.

2. ಬೇಸಿಗೆ: ಸೀಸನ್ ನಿಜವಾಗಿ ಶುರುವಾಗುವುದು ಇಲ್ಲಿ

ಅಧಿಕೃತ ಅಭ್ಯಾಸ ಆಗಸ್ಟ್‌ನಲ್ಲಿ. ಆದರೆ ನವೆಂಬರ್‌ನ ಕಾಲು ತಯಾರಾಗುವುದು ಜೂನ್, ಜುಲೈನಲ್ಲಿ. ಹೆಚ್ಚಿನ ಕೋಚ್‌ಗಳು ಬೇಸಿಗೆ ಓಟಕ್ಕೆ ಒಂದು ಪಟ್ಟಿ ಕೊಡುತ್ತಾರೆ. ಅದು ಸಿಕ್ಕಿದರೆ ಅದನ್ನೇ ಹಿಡಿಯಿರಿ, ನಾನು ಹೇಳಿದ್ದನ್ನು ಬಿಡಿ.

ಪಟ್ಟಿ ಇಲ್ಲದ ಹೊಸಬರು ಹೀಗೆ ಮಾಡಬಹುದು. ಮೊದಲ ಎರಡು ವಾರ ವಾರಕ್ಕೆ ಮೂರು ದಿನ, 15ರಿಂದ 20 ನಿಮಿಷ, ಬೇಕಾದರೆ ನಡುವೆ ನಡೆಯುತ್ತಾ. ಆಮೇಲೆ ನಾಲ್ಕು ದಿನ, ಅರ್ಧ ಗಂಟೆ. ಜುಲೈ ಕೊನೆಗೆ ಐದು ದಿನ, ಅದರಲ್ಲಿ ಒಂದು ದಿನ 45 ನಿಮಿಷ. ವಾರಕ್ಕೆ 15ರಿಂದ 20 ಮೈಲಿ ಆದರೆ ಮೊದಲ ವರ್ಷದವರಿಗೆ ಧಾರಾಳ.

ವೇಗ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ. ಇದಕ್ಕೆ 'ಈಸಿ ರನ್' ಅನ್ನುತ್ತಾರೆ. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ವಾಚ್ ನೋಡಿಕೊಂಡು ಪ್ರತಿ ದಿನ ನಿನ್ನೆಗಿಂತ ಜೋರಾಗಿ ಓಡುತ್ತಾರೆ. ಮೂರನೇ ವಾರ ಮೊಣಕಾಲ ಕೆಳಗೆ ಮೂಳೆ ನೋಯಲು ಶುರುವಾಗುತ್ತದೆ. ಹೊಸಬರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ ಅಂತ ನನ್ನ ಅನಿಸಿಕೆ. ಹಾಗಾಗಿ ಮೊದಲ ಬೇಸಿಗೆಯಲ್ಲಿ ಜಿಪಿಎಸ್ ವಾಚ್ ಕೊಡಿಸದಿದ್ದರೇ ವಾಸಿ.

ಇನ್ನು ಊರಿಗೆ ಹೋಗುವವರ ವಿಷಯ. ಐದು ವಾರ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸುತ್ತಿ ಬಂದರೆ ಓಟ ನಿಂತೇಹೋಗುತ್ತದೆ ಎಂದು ಹೆದರಬೇಡಿ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಓಡಿದರೆ ಇದ್ದದ್ದು ಉಳಿಯುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಜುಲೈನಲ್ಲಿ ಹವೆ ತಂಪು. ಓಡುವುದಕ್ಕೆ ಬೇಸಿಗೆಯ ಫ್ರೆಸ್ನೋಗಿಂತ ಎಷ್ಟೋ ಮೇಲು! ಆದರೆ ರಸ್ತೆಯಲ್ಲಿ ಓಡಿಸಬೇಡಿ, ಗಾಡಿಗಳ ಜೊತೆ ನಾಯಿಗಳ ಕಾಟವೂ ಇದೆ. ಬೆಳಿಗ್ಗೆ ಬೇಗ ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಾದರೆ ಕುಕ್ಕರಹಳ್ಳಿ ಕೆರೆ ದಂಡೆ. ವಾಪಸ್ ಬಂದ ಮೇಲೆ ಮೊದಲ ವಾರ ನಿದ್ದೆ ಸರಿಯಾಗಿರುವುದಿಲ್ಲ, ಮೇಲಿಂದ ಇಲ್ಲಿನ ಆಗಸ್ಟ್ ಬಿಸಿಲು. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಕೋಚ್‌ಗೆ ಇಂಥ ದಿನ ವಾಪಸ್ ಬಂದೆವು ಎಂದು ಹೇಳಿ, ಅವರೇ ಕಡಿಮೆ ಕೊಡುತ್ತಾರೆ.

3. ಶೂ

ದಿನದ ಅಭ್ಯಾಸಕ್ಕೆ ಓಟದ್ದೇ ಶೂ ಬೇಕು. ಟೆನಿಸ್, ಬ್ಯಾಸ್ಕೆಟ್‌ಬಾಲ್ ಶೂ ಆಗದು. ಓಟದ ಸಾಮಾನಿನ ಅಂಗಡಿಗೆ ಮಗುವನ್ನೇ ಕರೆದುಕೊಂಡು ಹೋಗಿ, ಹಾಕಿ ಓಡಿಸಿ ನೋಡಿ ತಗೊಳ್ಳಿ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. "ಬೆಳೆಯೋ ಮಗು" ಅಂತ ಎರಡು ಸೈಜ್ ದೊಡ್ಡದು ತಂದರೆ ಉಗುರು ಕಪ್ಪಾಗುವುದು ಗ್ಯಾರಂಟಿ. ಒಂದು ಜೊತೆ 300ರಿಂದ 500 ಮೈಲಿ ಬಾಳುತ್ತದೆ. ಮೇಲೆ ಹೊಸದಾಗಿ ಕಂಡರೂ ಒಳಗಿನ ಮೆತ್ತೆ ಸತ್ತಿರುತ್ತದೆ.

ಸ್ಪೈಕ್ಸ್ ಎಂದರೆ ಅಡಿಯಲ್ಲಿ ಚಿಕ್ಕ ಮೊಳೆ ಇರುವ, ರೇಸ್‌ಗೆ ಮಾತ್ರ ಹಾಕುವ ಹಗುರ ಶೂ. ಮೊದಲ ವರ್ಷ ಕಡ್ಡಾಯ ಅಲ್ಲ. ಕೊಂಡರೆ ಕ್ರಾಸ್ ಕಂಟ್ರಿಯದು ಎಂದು ಕೇಳಿ, ಟ್ರ್ಯಾಕ್‌ನದು ಬೇರೆ. ಹೊಸ ಸ್ಪೈಕ್ಸ್ ಹಾಕಿಕೊಂಡು ನೇರ ರೇಸ್‌ಗೆ ಇಳಿಸಬೇಡಿ, ಮರುದಿನ ಮೀನಖಂಡ ಹಿಡಿದುಕೊಳ್ಳುತ್ತದೆ.

4. ಕ್ಯಾಲೆಂಡರ್ ಬಿಡಿಸಿ ಗುರುತು ಹಾಕಿ

ಓಟಗಳು ಮೂರು ಬಗೆ. ಒಂದು, ಲೀಗ್ ಮೀಟ್: ಅಕ್ಕಪಕ್ಕದ ಶಾಲೆಗಳ ಜೊತೆ, ವಾರದ ನಡುವೆ, ಮಧ್ಯಾಹ್ನದ ಮೇಲೆ. ಎರಡು, ಇನ್ವಿಟೇಷನಲ್: ಶನಿವಾರ, ಹತ್ತಾರು ಶಾಲೆಗಳು, ಜಾತ್ರೆಯ ಗದ್ದಲ. ಲಾಸ್ ಏಂಜಲೀಸ್ ಕಡೆ ವಾಲ್‌ನಟ್‌ನಲ್ಲಿ ನಡೆಯುವ ಮೌಂಟ್ ಸ್ಯಾಕ್, ಫ್ರೆಸ್ನೋದಲ್ಲಿ ನಡೆಯುವ ಕ್ಲೋವಿಸ್ ಇಂಥ ದೊಡ್ಡ ಮೀಟ್‌ಗಳು. ಮೂರು, ಸೀಸನ್ ಕೊನೆಯ ಚಾಂಪಿಯನ್‌ಶಿಪ್‌ಗಳು: ಮೊದಲು ಲೀಗ್ ಫೈನಲ್, ಆಮೇಲೆ ಸೆಕ್ಷನ್, ಆಮೇಲೆ ರಾಜ್ಯ.

ಸೆಕ್ಷನ್ ಎಂದರೇನು? ರಾಜ್ಯದ ಶಾಲಾ ಆಟಗಳನ್ನು ನಡೆಸುವುದು ಸಿಐಎಫ್ ಎಂಬ ಸಂಸ್ಥೆ. ಅದು ರಾಜ್ಯವನ್ನು 10 ಸೆಕ್ಷನ್‌ಗಳಾಗಿ ಹಂಚಿದೆ. ಕ್ಯೂಪರ್ಟಿನೋ, ಸನಿವೇಲ್ ಕಡೆಯವರು ಸೆಂಟ್ರಲ್ ಕೋಸ್ಟ್ ಸೆಕ್ಷನ್. ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆಯವರು ನಾರ್ತ್ ಕೋಸ್ಟ್ ಸೆಕ್ಷನ್. ಅದರೊಳಗೆ ಶಾಲೆಯ ಮಕ್ಕಳ ಸಂಖ್ಯೆ ನೋಡಿ ಡಿವಿಷನ್ ಮಾಡುತ್ತಾರೆ, ದೊಡ್ಡ ಶಾಲೆ ದೊಡ್ಡ ಶಾಲೆಯ ಜೊತೆ.

ಈಗ ನಮ್ಮ ಮನೆಗಳ ಕಷ್ಟಕ್ಕೆ ಬರೋಣ. ಗಣೇಶನ ಹಬ್ಬ, ನವರಾತ್ರಿ, ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವ ಎಲ್ಲವೂ ಈ ಸೀಸನ್‌ನ ಒಳಗೇ ಬರುತ್ತವೆ. ಲೀಗ್ ಫೈನಲ್ ಮತ್ತು ರಾಜ್ಯೋತ್ಸವದ ನಾಟಕದ ರಿಹರ್ಸಲ್ ಒಂದೇ ವಾರ ಬೀಳುತ್ತದೆ. ಶನಿವಾರದ ಭರತನಾಟ್ಯ, ಕನ್ನಡ ಕ್ಲಾಸ್ ತಪ್ಪುತ್ತವೆ. ಆಗಸ್ಟ್‌ನಲ್ಲೇ ಶಾಲೆಯ ರೇಸ್ ಪಟ್ಟಿ ತೆಗೆದು ಫ್ರಿಜ್ ಮೇಲೆ ಅಂಟಿಸಿ. ಡ್ಯಾನ್ಸ್ ಟೀಚರ್‌ಗೂ ಕೋಚ್‌ಗೂ ತಪ್ಪುವ ದಿನಗಳನ್ನು ಮೊದಲೇ ಹೇಳಿ. ಹಬ್ಬಕ್ಕೆ ರಜೆ ಕೇಳಿದರೆ ಹೆಚ್ಚಿನ ಕೋಚ್‌ಗಳು ಬೇಡ ಅನ್ನುವುದಿಲ್ಲ. ಹಿಂದಿನ ರಾತ್ರಿ ಮೆಸೇಜ್ ಹಾಕಿದರೆ ಮಾತ್ರ ಅವರಿಗೆ ಸಿಟ್ಟು ಬರುವುದು, ಬರಬೇಕಾದ್ದೇ. ರಂಗಪ್ರವೇಶ ಇದ್ದರೆ ಬೇಸಿಗೆಗೋ ಸೀಸನ್ ಮುಗಿದ ಮೇಲಕ್ಕೋ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಹೊತ್ತ ಹುಡುಗಿಯರ ಪಾದದ ಮೂಳೆ ಬಡವಾಗುತ್ತದೆ.

12ನೇ ಕ್ಲಾಸಿನವರಿಗೆ ಇನ್ನೊಂದು. ಕಾಲೇಜಿನ ಅರ್ಲಿ ಅರ್ಜಿಗಳ ಗಡುವು ಬಹಳ ಕಡೆ ನವೆಂಬರ್ 1. ಪ್ರಬಂಧಗಳನ್ನು ಬೇಸಿಗೆಯಲ್ಲೇ ಬರೆದಿಟ್ಟರೆ ಚಾಂಪಿಯನ್‌ಶಿಪ್ ವಾರ ನಿದ್ದೆ ಉಳಿಯುತ್ತದೆ.

ಸೀಸನ್ ನಡುವೆ ಯಾವುದೋ ಸಂಘದವರು ನಡೆಸುವ 5ಕೆ ಓಟಕ್ಕೆ ಮಗುವಿನ ಹೆಸರು ಕೊಡುವ ಮೊದಲು ಕೋಚ್‌ನ್ನು ಕೇಳಿ. ಶಾಲಾ ಸೀಸನ್‌ನಲ್ಲಿ ಹೊರಗಿನ ಸ್ಪರ್ಧೆಗಳ ಬಗ್ಗೆ ನಿಯಮಗಳಿವೆ. ಅರ್ಹತೆ ಕಳೆದುಕೊಂಡ ಮೇಲೆ ಕೇಳಿ ಪ್ರಯೋಜನ ಇಲ್ಲ.

5. ವಾರದ ಅಭ್ಯಾಸದ ಪದಗಳು

ಮಗು ಬಂದು ಹೇಳುವುದು ಅರ್ಥವಾಗಲಿ ಅಂತ, ಇಷ್ಟು ಸಾಕು. 'ಟೆಂಪೋ' ಎಂದರೆ ಕಷ್ಟವಾದರೂ ತಡೆದುಕೊಳ್ಳಬಹುದಾದ ವೇಗದಲ್ಲಿ ಸುಮಾರು 20 ನಿಮಿಷ. 'ಇಂಟರ್‌ವಲ್ಸ್' ಎಂದರೆ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವುದು. 'ಹಿಲ್ ರಿಪೀಟ್ಸ್' ಎಂದರೆ ಒಂದೇ ದಿಬ್ಬವನ್ನು ಮತ್ತೆ ಮತ್ತೆ ಹತ್ತುವುದು. 'ಸ್ಟ್ರೈಡ್ಸ್' ಎಂದರೆ ಸುಮಾರು 100 ಮೀಟರ್‌ನ ಚುರುಕು ಓಟಗಳು. 'ಲಾಂಗ್ ರನ್' ವಾರಕ್ಕೊಮ್ಮೆ, ಉದ್ದ, ನಿಧಾನ. 'ಟೇಪರ್' ಎಂದರೆ ದೊಡ್ಡ ಓಟಕ್ಕೆ ಮೊದಲು ಅಭ್ಯಾಸ ಕಡಿಮೆ ಮಾಡುವುದು. ಟೇಪರ್ ವಾರದಲ್ಲಿ "ಇವತ್ತು ಯಾಕೆ ಇಷ್ಟು ಬೇಗ ಬಂದೆ, ಇನ್ನೆರಡು ಮೈಲಿ ಓಡು" ಎಂದು ಮನೆಯಲ್ಲಿ ಕೋಚಿಂಗ್ ಶುರು ಮಾಡಬೇಡಿ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರುವುದುಂಟು. ಏರ್‌ನೌ ಜಾಲತಾಣದಲ್ಲಿ ಗಾಳಿಯ ಗುಣಮಟ್ಟ ನೋಡಿ. ಸೂಚ್ಯಂಕ 150 ದಾಟಿದರೆ ಸಾಮಾನ್ಯವಾಗಿ ಹೊರಗಿನ ಅಭ್ಯಾಸ ನಿಲ್ಲುತ್ತದೆ. ಅಸ್ತಮಾ ಇರುವ ಮಗುವಿಗೆ 100 ದಾಟಿದಾಗಲೇ ಎಚ್ಚರ ಬೇಕು. ಇನ್‌ಹೇಲರ್ ಕಾರಿನಲ್ಲಲ್ಲ, ಓಟದ ಚೀಲದಲ್ಲಿರಲಿ.

6. ಊಟ: ನಮ್ಮ ಅಡುಗೆ ಸಾಕು, ಪ್ರಮಾಣ ಸಾಲದು

ಸಸ್ಯಾಹಾರಿಗಳು ಹೆಚ್ಚು ಕೇಳುವ ಪ್ರಶ್ನೆ ಇದು. ಮಾಂಸ ಇಲ್ಲದೆ ಆಗುತ್ತಾ? ಆಗುತ್ತೆ. ಅನ್ನ, ಚಪಾತಿ, ಮುದ್ದೆ, ಬೇಳೆ, ಕಾಳು, ಮೊಸರು, ಸೊಪ್ಪು ಎಲ್ಲ ಓಟಗಾರರಿಗೆ ಹೇಳಿಮಾಡಿಸಿದ್ದು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಮಗು ತಿನ್ನುವ ಪ್ರಮಾಣ ಮಾತ್ರ ಸಾಲುವುದಿಲ್ಲ. ಶಾಲೆಯ ಲಂಚ್‌ಗೆ ಅರ್ಧ ಸ್ಯಾಂಡ್‌ವಿಚ್ ತಿಂದು ಸಂಜೆ ಐದು ಮೈಲಿ ಓಡಿ ಬಂದ ಮಗುವಿಗೆ ರಾತ್ರಿ ಎರಡು ಚಪಾತಿ ಯಾವ ಮೂಲೆಗೆ? ಅಭ್ಯಾಸಕ್ಕೆ ಮೊದಲು ಒಂದು ತಿಂಡಿ, ಮುಗಿದ ಅರ್ಧ ಗಂಟೆಯೊಳಗೆ ಇನ್ನೊಂದು. ಬಾಳೆಹಣ್ಣು, ಖರ್ಜೂರ, ಚಿಕ್ಕಿ, ಚಾಕೊಲೇಟ್ ಹಾಲು, ಮಜ್ಜಿಗೆ, ಮೊಸರನ್ನ ಎಲ್ಲ ನಡೆಯುತ್ತದೆ.

ಕಬ್ಬಿಣದ ಅಂಶದ ಬಗ್ಗೆ ಮಾತ್ರ ಗಂಭೀರವಾಗಿ ತಗೊಳ್ಳಿ. ದೂರ ಓಡುವವರಲ್ಲಿ, ಅದರಲ್ಲೂ ಮುಟ್ಟಾಗುವ ಹುಡುಗಿಯರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ ಇದು ಬೇಗ ಇಳಿಯುತ್ತದೆ. ಚೆನ್ನಾಗಿ ಓಡುತ್ತಿದ್ದ ಮಗು ಕಾರಣವಿಲ್ಲದೆ ವಾರ ವಾರ ನಿಧಾನವಾಗುತ್ತಾ ಬಂದರೆ, ಮೆಟ್ಟಿಲು ಹತ್ತಿದರೂ ಸುಸ್ತು ಅಂದರೆ, ಸೋಮಾರಿತನ ಎಂದು ಬೈಯುವ ಮೊದಲು ಡಾಕ್ಟರ್‌ಗೆ ಹೇಳಿ ಹೀಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಫೆರಿಟಿನ್ ಎಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಹೀಮೋಗ್ಲೋಬಿನ್ ಸರಿ ಇದ್ದೂ ಇದು ಕಡಿಮೆ ಇರಬಹುದು. ವಿಟಮಿನ್ ಡಿ ಕೂಡ ನೋಡಿಸಿ, ನಮ್ಮವರಲ್ಲಿ ಅದು ಕಡಿಮೆ ಇರುವುದು ಸಾಮಾನ್ಯ. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ಕೊಡಬೇಡಿ, ಹೆಚ್ಚಾದರೂ ಅಪಾಯ. ಮನೆಯಲ್ಲಿ ಮಾಡಬಹುದಾದ್ದು: ಸೊಪ್ಪಿನ ಪಲ್ಯ, ಹೆಸರುಕಾಳು ಉಸಲಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೆ ಕಾಫಿ, ಟೀ ಬೇಡ, ಅವು ಕಬ್ಬಿಣ ಹೀರುವುದನ್ನು ತಡೆಯುತ್ತವೆ.

ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ ಅದು "ಓಟದಿಂದ, ಪರವಾಗಿಲ್ಲ" ಅಲ್ಲ. ತಿನ್ನುವುದಕ್ಕಿಂತ ಖರ್ಚು ಹೆಚ್ಚಾಗಿದೆ ಎಂಬ ಸೂಚನೆ ಅದು. ಮುಂದೆ ಮೂಳೆ ಬಿರುಕು ಬಿಡುತ್ತದೆ. ಡಾಕ್ಟರ್ ಹತ್ತಿರ ಹೋಗಿ. ಹುಡುಗರಿಗೂ ಈ ತೊಂದರೆ ಇದೆ, ಗುರುತು ಹಿಡಿಯುವುದು ಕಷ್ಟ ಅಷ್ಟೆ. "ತೆಳ್ಳಗಿದ್ದರೆ ಜೋರಾಗಿ ಓಡ್ತೀಯ" ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರದಿರಲಿ, ಅಜ್ಜಿಯಿಂದಲೂ.

ರೇಸ್ ಹಿಂದಿನ ದಿನ ತಂಡದವರು ಯಾರದೋ ಮನೆಯಲ್ಲಿ ಸೇರಿ ಪಾಸ್ತಾ ತಿನ್ನುವ ರೂಢಿ ಇದೆ. ಕಳಿಸಿ, ಓಟಕ್ಕಿಂತ ಗೆಳೆತನಕ್ಕೆ ಅದು ಬೇಕು. ರೇಸ್ ದಿನ ಓಟಕ್ಕೆ ಎರಡೂವರೆ, ಮೂರು ಗಂಟೆ ಮೊದಲು ರೂಢಿಯಿರುವ ಹಗುರ ತಿಂಡಿ. ಇಡ್ಲಿ, ತೆಳು ಅವಲಕ್ಕಿ, ಬ್ರೆಡ್ಡು, ಬಾಳೆಹಣ್ಣು. ಪೂರಿ ಬೇಡ, ಕಾಳಿನ ಹುಳಿ ಬೇಡ, ಹಾಲು ಒಗ್ಗದವರಿಗೆ ಹಾಲು ಬೇಡ.

ತಂಡಕ್ಕೆ ತಿಂಡಿ ತರುವ ಸರದಿ ನಿಮ್ಮದಾದರೆ ಒಂದು ಎಚ್ಚರಿಕೆ. ಕಡಲೆಕಾಯಿ, ಗೋಡಂಬಿ ಅಲರ್ಜಿ ಇರುವ ಮಕ್ಕಳು ತಂಡದಲ್ಲಿರಬಹುದು. ಚಿತ್ರಾನ್ನ, ಚಿಕ್ಕಿ, ಖಾರದ ಅವಲಕ್ಕಿ ಒಯ್ಯುವ ಮೊದಲು ಕೇಳಿ. ಹೆಚ್ಚಿದ ಕಿತ್ತಳೆ, ಕಲ್ಲಂಗಡಿ ಯಾರಿಗೂ ಬೇಡ ಅನಿಸುವುದಿಲ್ಲ.

7. ರೇಸ್ ದಿನ

ಹಿಂದಿನ ರಾತ್ರಿಯೇ ಚೀಲ ತುಂಬಿಸಿ. ತಂಡದ ಬನಿಯನ್, ಚಡ್ಡಿ, ಶೂ, ಸ್ಪೈಕ್ಸ್, ಒಂದು ಜೊತೆ ಹೆಚ್ಚುವರಿ ಸಾಕ್ಸ್, ಸ್ವೆಟರ್, ನೀರು, ಸನ್‌ಸ್ಕ್ರೀನ್, ಟವಲ್, ಸೇಫ್ಟಿ ಪಿನ್. ಇದನ್ನು ಮಗುವೇ ಮಾಡಲಿ. ತಂಡದ ಬಟ್ಟೆ ಮನೆಯಲ್ಲಿ ಬಿಟ್ಟು ಬಂದ ಮಗುವಿಗೆ ಓಡಲು ಬಿಡುವುದಿಲ್ಲ.

ನಿಮ್ಮ ಪಾಲಿಗೆ: ಮಡಚುವ ಕುರ್ಚಿ, ಟೋಪಿ, ಪಾರ್ಕಿಂಗ್‌ಗೆ ಸ್ವಲ್ಪ ನಗದು. ಇನ್ವಿಟೇಷನಲ್‌ಗಳಲ್ಲಿ ಪಾರ್ಕಿಂಗ್ ಸಿಕ್ಕಿ ನಡೆದು ಬರುವಷ್ಟರಲ್ಲಿ ಓಟ ಮುಗಿದಿರುತ್ತದೆ, ಒಂದು ಗಂಟೆ ಮೊದಲೇ ಹೊರಡಿ.

ಮಕ್ಕಳು ಓಟಕ್ಕೆ ಒಂದೂವರೆ ಗಂಟೆ ಮೊದಲು ತಲುಪಿ, ದಾರಿ ನಡೆದು ನೋಡುತ್ತಾರೆ. ಎಲ್ಲಿ ಇಕ್ಕಟ್ಟು, ಎಲ್ಲಿ ದಿಬ್ಬ, ಕೊನೆಯ ತಿರುವು ಎಲ್ಲಿ ಎಂದು. 40 ನಿಮಿಷ ಇರುವಾಗ ನಿಧಾನ ಓಟ, ಮೈ ಸಡಿಲಿಸುವುದು, ಸ್ಟ್ರೈಡ್ಸ್. ಈ ಹೊತ್ತಿನಲ್ಲಿ ಅವರನ್ನು ಕರೆದು ಫೋಟೋ ತೆಗೆಯಬೇಡಿ, ಸಲಹೆಯಂತೂ ಬೇಡವೇ ಬೇಡ. ಆಮೇಲೆ ಪ್ರತಿ ತಂಡಕ್ಕೂ ಸುಣ್ಣದ ಗೆರೆಯ ಒಂದೊಂದು ಚೌಕ ಇರುತ್ತದೆ, ಅದರಲ್ಲಿ ನಿಲ್ಲುತ್ತಾರೆ. ಗುಂಡು ಹಾರುತ್ತದೆ. ಮೊದಲ 100 ಮೀಟರ್‌ನಲ್ಲಿ ತಾಗಿ ಯಾರಾದರೂ ಬಿದ್ದರೆ ವಾಪಸ್ ಕರೆದು ಮತ್ತೆ ಶುರು ಮಾಡುತ್ತಾರೆ, ಗಾಬರಿ ಬೇಡ.

ಓಟ ನಡೆಯುವಾಗ ಮಾಡಬಾರದ್ದು ಇದೆ. ಮಗುವಿನ ಪಕ್ಕದಲ್ಲಿ ಓಡಬೇಡಿ. ನೀರು ಕೊಡಬೇಡಿ. ಮುಟ್ಟಬೇಡಿ, ಬಿದ್ದರೂ ಎತ್ತಬೇಡಿ; ಅಧಿಕಾರಿಗಳು ನೋಡಿಕೊಳ್ಳುತ್ತಾರೆ. ಇವೆಲ್ಲ ಹೊರಗಿನ ಸಹಾಯ ಎಂದು ಲೆಕ್ಕ, ಮಗುವನ್ನೇ ಅನರ್ಹ ಮಾಡಬಹುದು. ದಾರಿ ದಾಟುವ ಮೊದಲು ಎರಡೂ ಕಡೆ ನೋಡಿ, ಹಿಂದಿನವರು ಎಷ್ಟು ದೂರ ಇದ್ದಾರೆಂದು ಅಂದಾಜು ಸಿಗುವುದಿಲ್ಲ. ಕೂಗುವುದಕ್ಕೆ ಅಡ್ಡಿಯಿಲ್ಲ, ಕನ್ನಡದಲ್ಲಿ ಕೂಗಿ. ಗದ್ದಲದಲ್ಲಿ ಮಗುವಿಗೆ ಅದು ಬೇಗ ಕೇಳುತ್ತದೆ! ಹಾಗೇ ಕೊನೆಯವರು ಬರುವ ತನಕ ಅಲ್ಲೇ ಇರಿ. ನಿಮ್ಮ ಮಗುವಿನ ಓಟ ಮುಗಿದ ತಕ್ಷಣ ಕುರ್ಚಿ ಮಡಚುವುದು ಚೆನ್ನಾಗಿರಲ್ಲ.

ಮುಗಿಸಿದ ಮಗು ಅಳಬಹುದು, ವಾಂತಿ ಮಾಡಬಹುದು, ಮಾತಾಡದೆ ಇರಬಹುದು. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ತಲೆ ಸುತ್ತಿ ತಡವರಿಸುತ್ತಿದ್ದರೆ, ಅಡ್ಡಾದಿಡ್ಡಿ ಮಾತಾಡಿದರೆ, ಮೈ ಸುಡುತ್ತಿದ್ದರೆ ಮಾತ್ರ ಕಾಯಬೇಡಿ. ನೆರಳಿಗೆ ಕರೆದುಕೊಂಡು ಹೋಗಿ ತಣ್ಣೀರು ಸುರಿಯಿರಿ, ಅಥ್ಲೆಟಿಕ್ ಟ್ರೇನರ್ (ಕೋಚ್ ಅಲ್ಲ, ಗಾಯ, ಅನಾರೋಗ್ಯ ನೋಡಿಕೊಳ್ಳುವವರು) ಅವರನ್ನು ಕೂಗಿ, 911ಕ್ಕೆ ಫೋನ್ ಮಾಡಿ.

8. ಫಲಿತಾಂಶ ಓದುವುದು

ಅಥ್ಲೆಟಿಕ್ ಡಾಟ್ ನೆಟ್‌ನಲ್ಲಿ ಹೆಚ್ಚಿನ ಫಲಿತಾಂಶ ಸಿಗುತ್ತದೆ. 'ಪಿಆರ್' ಎಂದರೆ ಇದುವರೆಗಿನ ಸ್ವಂತ ಒಳ್ಳೆಯ ಸಮಯ. 'ಸ್ಪ್ಲಿಟ್' ಎಂದರೆ ಪ್ರತಿ ಮೈಲಿಗೆ ಹಿಡಿದ ಸಮಯ.

ನಮ್ಮವರು ಎಡವುವುದು ಇಲ್ಲೇ. ಕಳೆದ ವಾರ 19 ನಿಮಿಷ, ಈ ವಾರ 20, ಯಾಕೆ ಹಿಂದೆ ಬಿದ್ದೆ? ಒಂದು ಜಾಗದ ಸಮಯವನ್ನು ಇನ್ನೊಂದು ಜಾಗದ್ದಕ್ಕೆ ಹೋಲಿಸಲು ಬರುವುದಿಲ್ಲ. ಬೆಲ್‌ಮಾಂಟ್‌ನ ಕ್ರಿಸ್ಟಲ್ ಸ್ಪ್ರಿಂಗ್ಸ್ ದಾರಿ 2.95 ಮೈಲಿ, ದಿಬ್ಬ, ಧೂಳು. ಫ್ರೆಸ್ನೋದ ವುಡ್‌ವರ್ಡ್ ಪಾರ್ಕ್ 5 ಕಿಲೋಮೀಟರ್, ಅಂದರೆ ಸುಮಾರು 3.1 ಮೈಲಿ. ದೂರವೇ ಬೇರೆ, ಬಿಸಿಲು ಬೇರೆ, ಮಣ್ಣು ಬೇರೆ. ಹೋಲಿಸಲೇಬೇಕಾದರೆ ಅದೇ ಜಾಗದ ಹೋದ ವರ್ಷದ ಸಮಯ ನೋಡಿ, ಅಥವಾ ತಂಡದ ಒಂದನೆಯವರಿಗಿಂತ ಎಷ್ಟು ಸೆಕೆಂಡು ಹಿಂದೆ ಎಂದು ನೋಡಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಸೆಪ್ಟೆಂಬರ್‌ನ ಸಮಯ ನೋಡಿ ಏನೂ ತೀರ್ಮಾನ ಮಾಡಬೇಡಿ. ಆಗ ಅಭ್ಯಾಸ ಜಾಸ್ತಿ ಇರುತ್ತದೆ, ಕಾಲು ದಣಿದಿರುತ್ತದೆ, ಕೋಚ್ ಬೇಕೆಂದೇ ಹಾಗೆ ಮಾಡಿರುತ್ತಾರೆ. ಇಡೀ ಸೀಸನ್ ಕಟ್ಟಿರುವುದು ನವೆಂಬರ್‌ನಲ್ಲಿ ಚೆನ್ನಾಗಿ ಓಡಲಿ ಅಂತ. ಮೂರನೇ ರೇಸ್ ಆದ ಮೇಲೆ "ನಿನಗಿದು ಆಗಿಬರಲ್ಲ" ಎಂದು ಬಿಡಿಸಿದವರು ಆ ಭಾಗವನ್ನು ನೋಡುವುದೇ ಇಲ್ಲ.

9. ನೋವು: ಯಾವುದಕ್ಕೆ ನಿಲ್ಲಿಸಬೇಕು

ಎರಡೂ ಕಾಲಲ್ಲಿ ಸಮನಾದ ಮೈಕೈ ನೋವು, ಓಡಲು ಶುರು ಮಾಡಿದ ಮೇಲೆ ಕಡಿಮೆಯಾದರೆ ಹೆದರಬೇಕಾಗಿಲ್ಲ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂಥ ನೋವು, ಓಡಿದಷ್ಟೂ ಹೆಚ್ಚಾಗುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು, ಕುಂಟುವಂತೆ ಮಾಡುವ ನೋವು ಇದ್ದರೆ ಓಟ ನಿಲ್ಲಿಸಿ. ಇದು ಮೂಳೆಯ ಸಣ್ಣ ಬಿರುಕು ಇರಬಹುದು. ಮೊದಲ ದಿನಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು, "ಎಕ್ಸ್‌ರೇ ಸರಿ ಇದೆ" ಎಂದು ಮತ್ತೆ ಓಡಿಸಬೇಡಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಕೂಡದು. ಗಾಯವಾದ ಮಗು ಈಜಬಹುದು, ಸೈಕಲ್ ತುಳಿಯಬಹುದು, ಡಾಕ್ಟರ್ ಒಪ್ಪಿದರೆ. ತಂಡದ ಜೊತೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಮನೆಯಲ್ಲಿ ಕೂತ ಮಗು ಬೇಗ ಮಂಕಾಗುತ್ತದೆ.

10. ಲೀಗ್ ಫೈನಲ್‌ನಿಂದ ಫ್ರೆಸ್ನೋವರೆಗೆ

ಜೆವಿ, ಫ್ರಾಶ್-ಸಾಫ್ ಮಕ್ಕಳಿಗೆ ಸಾಮಾನ್ಯವಾಗಿ ಲೀಗ್ ಫೈನಲ್ಲೇ ಕೊನೆಯ ಓಟ. ವಾರ್ಸಿಟಿಯವರು ಅರ್ಹತೆ ಪಡೆದರೆ ಸೆಕ್ಷನ್‌ಗೆ ಹೋಗುತ್ತಾರೆ. ಅಲ್ಲಿಂದ ಪ್ರತಿ ಡಿವಿಷನ್‌ನಲ್ಲಿ ಕೆಲವು ತಂಡಗಳು, ಜೊತೆಗೆ ಗೆಲ್ಲದ ತಂಡಗಳಿಂದ ಮುಂದೆ ಬಂದ ಕೆಲವರು ಒಂಟಿಯಾಗಿ ರಾಜ್ಯಕ್ಕೆ. ರಾಜ್ಯ ಮೀಟ್ 1987ರಿಂದ ಫ್ರೆಸ್ನೋದ ವುಡ್‌ವರ್ಡ್ ಪಾರ್ಕ್‌ನಲ್ಲಿ ನಡೆಯುತ್ತಿದೆ. ಈಚಿನ ವರ್ಷಗಳಲ್ಲಿ ಅದು ಥ್ಯಾಂಕ್ಸ್‌ಗಿವಿಂಗ್ ವಾರದ ಶನಿವಾರ. ನಿಮ್ಮ ಶಾಲೆಯ ತಂಡ ಗಟ್ಟಿ ಇದ್ದರೆ ಆ ವಾರಕ್ಕೆ ಟಿಕೆಟ್ ಬುಕ್ ಮಾಡುವ ಮೊದಲು ಸೆಕ್ಷನ್ ಮುಗಿಯಲಿ.

ದೀಪಾವಳಿ ಈ ನಡುವೆ ಬಂದರೆ ಹೋಳಿಗೆ ತಿನ್ನಲಿ, ತೊಂದರೆ ಇಲ್ಲ. ಸೆಕ್ಷನ್‌ನ ಹಿಂದಿನ ರಾತ್ರಿ ಮಾತ್ರ ಹನ್ನೆರಡರ ತನಕ ನೆಂಟರ ಮನೆಯಲ್ಲಿ ಕೂರಿಸಬೇಡಿ. ಈ ಮೂರು ವಾರ ನೆಗಡಿ, ಜ್ವರದವರಿಂದಲೂ ದೂರ ಇರಲಿ.

ಎಲ್ಲ ಮುಗಿದ ಮೇಲೆ ಎರಡು ವಾರ ಪೂರ್ತಿ ವಿಶ್ರಾಂತಿ. ಕೋಚ್‌ಗಳೂ ಇದನ್ನೇ ಹೇಳುತ್ತಾರೆ. ತಂಡದ ಬಟ್ಟೆ ಒಗೆದು ವಾಪಸ್ ಕೊಡಿ, ಇಲ್ಲದಿದ್ದರೆ ಶಾಲೆ ಬಿಲ್ ಕಳಿಸುತ್ತದೆ. ವರ್ಷದ ಕೊನೆಯ ಊಟದಲ್ಲಿ 'ವಾರ್ಸಿಟಿ ಲೆಟರ್' ಕೊಡುತ್ತಾರೆ, ಜಾಕೆಟ್ ಮೇಲೆ ಹೊಲಿಸಿಕೊಳ್ಳುವ ಶಾಲೆಯ ಅಕ್ಷರ ಅದು. ಯಾರಿಗೆ ಎಂಬ ನಿಯಮ ಶಾಲೆಗೊಂದು. ಜಾಕೆಟ್‌ನ ದುಡ್ಡು ನಿಮ್ಮದೇ, ಕಡಿಮೆಯೇನಿಲ್ಲ.

ಮಗು ವಸಂತದಲ್ಲಿ ಟ್ರ್ಯಾಕ್ ಓಡಬೇಕು ಅಂದರೆ ಅದಕ್ಕೆ ಬೇರೆ ನೋಂದಣಿ ಮಾಡಬೇಕು. ಫಿಸಿಕಲ್ ಒಂದು ವರ್ಷದೊಳಗಿನದಾದರೆ ಅದೇ ನಡೆಯುತ್ತದೆ. ಟ್ರ್ಯಾಕ್ ಸೀಸನ್ ಮುಗಿಯುವ ಮೊದಲೇ ಅದರ ಅವಧಿ ಮುಗಿಯುತ್ತದಾ ಎಂದು ತಾರೀಕು ನೋಡಿಕೊಳ್ಳಿ.